ಸೋಸಿದ ನೀರು, ಸಿಂಪಡಿಸಿದ ವಿಷ

ಕಾರ್ಕಳ ತಾಲೂಕಿನ ನಮ್ಮ ಹಳೆಯ ಮನೆಯಲ್ಲಿ ಸೋದರಮಾವನವರು ಬಾವಿಯಿಂದ ಸೇದಿದ ನೀರನ್ನು ಎರಡು ಪದರದ ಬಿಳಿಯ ಬಟ್ಟೆಯಲ್ಲಿ ಸೋಸದೆ ಬಾಯಿಗೆ ಇಡುತ್ತಿರಲಿಲ್ಲ. ಬಟ್ಟೆಯಲ್ಲಿ ಉಳಿದುದನ್ನು ಅಂಗಳಕ್ಕೆ ಕೊಡವುವಂತೆಯೂ ಇರಲಿಲ್ಲ. ಸೋಸಿದ ನೀರಿನಿಂದಲೇ ಆ ಬಟ್ಟೆಯನ್ನು ತೊಳೆದು, ತೊಳೆದ ನೀರನ್ನು ಸಣ್ಣ ಕೊಡಪಾನದಲ್ಲಿ ಅದೇ ಬಾವಿಗೆ ಮೆಲ್ಲನೆ ಇಳಿಸಬೇಕು. ಮೇಲಿನಿಂದ ಸುರಿದರೆ ಆ ಸೂಕ್ಷ್ಮ ಜೀವಿಗಳಿಗೆ ಪೆಟ್ಟಾದೀತು. ರಜೆಯಲ್ಲಿ ಊರಿಗೆ ಹೋದಾಗ ಹಗ್ಗ ಇಳಿಸುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಕೈ ನಡುಗಬಾರದು ಎಂದು ಮಾವ ಪಕ್ಕದಲ್ಲಿ ನಿಂತು ಎಚ್ಚರಿಸುತ್ತಿದ್ದರು.

ಅದೇ ಮನೆಯ ಅಡಿಕೆ ಅಟ್ಟದ ಕೆಳಗೆ ಕೆಂಪು ತ್ರಿಕೋನದ ಗುರುತಿದ್ದ ಡಬ್ಬಿಗಳು ಸಾಲಾಗಿ ಇರುತ್ತಿದ್ದವು. ಮದ್ದು ಬಿಟ್ಟ ದಿನ ಸಂಜೆ ಆಳು ಪಂಪನ್ನೂ ಡಬ್ಬಿಯನ್ನೂ ತೋಟದ ತೋಡಿನಲ್ಲಿ ತೊಳೆಯುತ್ತಿದ್ದ. ತೋಡಿನ ನೀರು ಕೆರೆಗೆ, ಕೆರೆಯ ಒರತೆ ಬಾವಿಗೆ. ಆ ಬಾವಿಯ ನೀರನ್ನೇ ಮಾವ ಮರುದಿನ ಬೆಳಿಗ್ಗೆ ಎರಡು ಪದರದ ಬಟ್ಟೆಯಲ್ಲಿ ಸೋಸುತ್ತಿದ್ದರು. ಅವರು ಕಪಟಿಯಾಗಿರಲಿಲ್ಲ, ನಾನು ಕಂಡ ಅತ್ಯಂತ ಪ್ರಾಮಾಣಿಕ ಶ್ರಾವಕರಲ್ಲಿ ಒಬ್ಬರು. ಹಾಗಿದ್ದೂ ಈ ಎರಡು ದೃಶ್ಯಗಳು ಒಂದೇ ಅಂಗಳದಲ್ಲಿ ನಲವತ್ತು ವರ್ಷ ಒಂದಕ್ಕೊಂದು ತಾಗದಂತೆ ಇದ್ದವಲ್ಲ, ಆ ತಾಗದಿರುವಿಕೆಯೇ ಈ ಲೇಖನದ ವಿಷಯ.

ನಾನೀಗ ಇರುವುದು ಕೊಚ್ಚಿಯ ಕಲೂರಿನಲ್ಲಿ. ಇಲ್ಲಿಂದ ಉತ್ತರಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ಪೆರಿಯಾರ್ ನದಿಯ ದಂಡೆಯ ಏಲೂರು. ಸರಕಾರಿ ಸ್ವಾಮ್ಯದ ಹಿಂದುಸ್ಥಾನ್ ಇನ್‌ಸೆಕ್ಟಿಸೈಡ್ಸ್ ಕಾರ್ಖಾನೆ ಡಿಡಿಟಿಯನ್ನೂ ಎಂಡೋಸಲ್ಫಾನನ್ನೂ ತಯಾರಿಸಿದ ಸ್ಥಳವದು. ಇನ್ನೊಂದು ದಿಕ್ಕಿಗೆ ಎರಡು ಮೂರು ಕಿಲೋಮೀಟರ್ ಹೋದರೆ ಕೇರಳ ಹೈಕೋರ್ಟು. ರಾಜ್ಯದಲ್ಲಿ ಎಂಡೋಸಲ್ಫಾನ್ ಬಳಕೆಯನ್ನು ತಡೆಹಿಡಿಯುವ ಆದೇಶ 2002ರ ಆಗಸ್ಟ್‌ನಲ್ಲಿ ಹೊರಟದ್ದು ಅಲ್ಲಿಂದ. ವಿಷ ತಯಾರಾದ ಊರಿಗೂ ಅದನ್ನು ತಡೆದ ನ್ಯಾಯಾಲಯಕ್ಕೂ ನಡುವೆ ಸಿಟಿ ಬಸ್ಸಿನ ದೂರ. ಆದರೆ ಈ ಎರಡರ ನಡುವೆ ನರಳಿದ ಜನ ಇಲ್ಲಿಂದ ನಾಲ್ಕು ನೂರು ಕಿಲೋಮೀಟರ್ ಆಚೆ, ನಮ್ಮದೇ ಭಾಷೆ ಮಾತನಾಡುವ ಕಾಸರಗೋಡಿನ ಗುಡ್ಡಗಳಲ್ಲಿದ್ದರು.

ಹೊರನಾಡಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಈ ಕಥೆ ಗೊತ್ತಿರಲಾರದು; ಆದುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳ ಎಂಬ ಸರಕಾರಿ ನಿಗಮಕ್ಕೆ ಕಾಸರಗೋಡು ಜಿಲ್ಲೆಯಲ್ಲಿ 4,600 ಹೆಕ್ಟೇರಿಗೂ ಮಿಕ್ಕಿದ ಗೇರು ತೋಟಗಳಿವೆ. ಗೇರಿನ ಚಿಗುರು ಮತ್ತು ಹೂವಿನ ರಸ ಹೀರುವ ಟೀ ಸೊಳ್ಳೆ ಎಂಬ ತಿಗಣೆಯನ್ನು ಕೊಲ್ಲಲು 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಆ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು, ವರ್ಷಕ್ಕೆ ಎರಡು ಮೂರು ಬಾರಿ. ತೋಟಗಳಿದ್ದುದು ಗುಡ್ಡದ ನೆತ್ತಿಗಳಲ್ಲಿ, ಮನೆಗಳಿದ್ದುದು ಕಣಿವೆಗಳಲ್ಲಿ. ಸಿಂಪಡಣೆಗೆ ಮೊದಲು ಬಾವಿಗಳನ್ನು ಮುಚ್ಚಿರಿ ಎಂಬ ಸೂಚನೆ ಇತ್ತು. ಆದರೆ ಎಣ್ಮಕಜೆ ಪಂಚಾಯತಿನ ಜನ ನೀರು ಕುಡಿಯುತ್ತಿದ್ದುದು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳಿಂದ, ಅವುಗಳಿಂದ ಹರಿದು ಬಂದು ತೆರೆದ ಮಣ್ಣಿನ ಕೊಳಗಳಲ್ಲಿ ನಿಲ್ಲುವ ನೀರಿನಿಂದ. ಸುರಂಗವನ್ನು ಯಾವ ತಟ್ಟೆಯಿಂದ ಮುಚ್ಚುವುದು? ಆ ಪಂಚಾಯತಿನ ಒಂದು ಊರಿನ ಹೆಸರು ಸ್ವರ್ಗ. ವ್ಯಂಗ್ಯಕ್ಕಾಗಿ ನಾನು ಕಟ್ಟಿದ ಹೆಸರಲ್ಲ, ಭೂಪಟದಲ್ಲಿದೆ.

ಪಡ್ರೆಯಲ್ಲಿ ಕೈಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳ ಬಗ್ಗೆ ಮೊದಲು ಬರೆದವರು ಕೃಷಿ ಪತ್ರಕರ್ತ ಶ್ರೀ ಪಡ್ರೆ. ಹಳ್ಳಿಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಹುಟ್ಟು ವಿಕಲತೆಗಳು ಅಳತೆ ಮೀರಿ ಕಾಣುವುದನ್ನು ಗುರುತಿಸಿ ವೈದ್ಯಕೀಯ ಲೋಕದ ಗಮನಕ್ಕೆ ತಂದರು. ಕೃಷಿ ಇಲಾಖೆಯಲ್ಲಿಯೇ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ ಆಕಾಶದಿಂದ ಬೀಳುವ ವಿಷಕ್ಕೆ ತಡೆ ತಂದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಪಡ್ರೆಯ ಶಾಲಾ ಬಾಲಕರನ್ನು ಬೇರೊಂದು ಊರಿನ ಬಾಲಕರೊಂದಿಗೆ ಹೋಲಿಸಿ, ಇಲ್ಲಿಯ ಹುಡುಗರ ಪ್ರೌಢ ಬೆಳವಣಿಗೆ ಹಿಂದುಳಿದುದನ್ನು 2003ರಲ್ಲಿ ಪ್ರಕಟಿಸಿತು. ಗಡಿಯ ಈಚೆ, ಧರ್ಮಸ್ಥಳದಿಂದ ಹೆಚ್ಚು ದೂರವಿಲ್ಲದ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿಯೂ ಗೇರು ತೋಟಗಳ ಸುತ್ತ ಇದೇ ಸಂಕಟ ಕಂಡುಬಂತು. ಕರ್ನಾಟಕ 2011ರ ಫೆಬ್ರವರಿಯಲ್ಲಿ ನಿಷೇಧಿಸಿತು. ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಈ ವಿಷವನ್ನು ಜಗತ್ತಿನಿಂದಲೇ ತೆಗೆಯಲು ನಿರ್ಧರಿಸಿದುವು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ವಿಧಿಸಿತು. ಆ ಹೊತ್ತಿಗೂ ನಮ್ಮ ಕೇಂದ್ರ ಸರಕಾರ ಪರ್ಯಾಯವಿಲ್ಲ ಎಂದು ವಾದಿಸುತ್ತಲೇ ಇತ್ತು, ಮುಖ್ಯಮಂತ್ರಿ ಅಚ್ಯುತಾನಂದನ್ ತಿರುವನಂತಪುರದಲ್ಲಿ ಉಪವಾಸ ಕುಳಿತಿದ್ದರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿದ ಮೇಲೆಯೂ ಕಾಸರಗೋಡಿನ ತಾಯಂದಿರು ಮಕ್ಕಳನ್ನು ಹೊತ್ತುಕೊಂಡು ತಿರುವನಂತಪುರದ ಸಚಿವಾಲಯದ ಮುಂದೆ ಕೂರಬೇಕಾಯಿತು.

ಕಾಯಿಲೆಗಳಿಗೆಲ್ಲ ಎಂಡೋಸಲ್ಫಾನೇ ಕಾರಣವೆಂದು ಸಿದ್ಧವಾಗಿಲ್ಲ ಎನ್ನುವ ಕೃಷಿ ವಿಜ್ಞಾನಿಗಳು ಇಂದಿಗೂ ಇದ್ದಾರೆ. ಅವರ ವಾದವನ್ನು ನಾನು ಓದಿದ್ದೇನೆ. ಪ್ರತಿಯೊಂದು ಮಗುವಿನ ಪ್ರತಿಯೊಂದು ರೋಗಕ್ಕೂ ಲೆಕ್ಕ ಹೊಂದಿಸುವುದು ಕಷ್ಟವೆಂಬುದನ್ನು ಒಪ್ಪಬಹುದು. ಆದರೆ ಮೀನಿಗೆ ಮಾರಕವೆಂದು ಎಲ್ಲರೂ ಒಪ್ಪಿದ ವಸ್ತುವನ್ನು ಜನ ಕುಡಿಯುವ ನೀರಿನ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸುರಿದದ್ದಕ್ಕೆ ಯಾವ ಸಂಶಯದ ಲಾಭ ಸಲ್ಲಬೇಕು?

ಇದು ಸರಕಾರದ ಪಾಪ, ನಮ್ಮದೇನು ಎಂದು ಕೇಳುವವರಿಗೆ ಉಮಾಸ್ವಾತಿಗಳತ್ತ ಬೆರಳು ತೋರಿಸುತ್ತೇನೆ. ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಅವರು ಪ್ರಾಣಹರಣಕ್ಕಿಂತ ಮೊದಲು ಇಡುವುದು ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು. ಕಾಸರಗೋಡಿನಲ್ಲಿ ನಡೆದದ್ದು ಪ್ರಮಾದದ ಪರಾಕಾಷ್ಠೆ. ಕೀಟವಿದೆಯೋ ಇಲ್ಲವೋ ಎಂದು ಮರದ ಬಳಿ ಹೋಗಿ ನೋಡುವ ಪದ್ಧತಿಯೇ ಅಲ್ಲಿರಲಿಲ್ಲ. ಕ್ಯಾಲೆಂಡರು ನೋಡಿ ಹೆಲಿಕಾಪ್ಟರು ಹಾರುತ್ತಿತ್ತು. ನಮ್ಮ ಇಂದ್ರಿಯ ಲೆಕ್ಕದಲ್ಲಿ ತಿಗಣೆ ತ್ರೀಂದ್ರಿಯ. ಅದಕ್ಕೆಂದು ಎಸೆದ ವಿಷ ಚತುರಿಂದ್ರಿಯವಾದ ಜೇನನ್ನು ಕೊಂದಿತು, ಪಂಚೇಂದ್ರಿಯಗಳಾದ ಮೀನು ಕಪ್ಪೆಗಳನ್ನು ಕೊಂದಿತು, ಕರುವಿಗೂ ಕೂಸಿಗೂ ತಾಗಿತು. ಪಾಠಶಾಲೆಯ ಮಗು ಬಾಯಿಪಾಠ ಹೇಳುವ ಈ ಏಣಿಯನ್ನು ಹಿಡಿದು ಇಳಿದು ಬನ್ನಿ. ನಮ್ಮ ಅಡಿಕೆ ತೋಟ, ಕಾಫಿ ತೋಟಗಳಲ್ಲಿ ಸಣ್ಣ ಪ್ರಮಾಣದಲ್ಲಿ ನಡೆಯುತ್ತಿರುವುದೂ ಇದೇ. ನಾವು ಇದಕ್ಕೆ ಉದ್ಯೋಗೀ ಹಿಂಸೆ ಎಂದು ಹೆಸರಿಟ್ಟು ನಿದ್ದೆ ಮಾಡುತ್ತೇವೆ. ಉಳುವಾಗ ನೇಗಿಲಿಗೆ ಹುಳ ಸಿಕ್ಕಿ ಸಾಯುವುದು ಉದ್ಯೋಗೀ ಹಿಂಸೆ, ಸರಿ. ಹುಳ ಸಾಯಲೆಂದೇ ಕೊಂಡು ತಂದು, ಹುಳ ಇದೆಯೇ ಎಂದು ನೋಡದೆಯೇ ಎರಚುವುದನ್ನು ಯಾವ ಪಂಡಿತರು ಅದೇ ಕಂತೆಗೆ ಸೇರಿಸಿಯಾರು? ಇದು ಸಂಕಲ್ಪೀ ಹಿಂಸೆಗೆ ಪ್ರಮಾದದ ಹೊದಿಕೆ.

ವ್ಯಾಪಾರದ ಮಾತಂತೂ ಇನ್ನೂ ಸ್ಪಷ್ಟ. ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ವಿಷವಾಣಿಜ್ಯವೂ ಒಂದು. ಹನ್ನೆರಡನೆಯ ಶತಮಾನದ ಹೇಮಚಂದ್ರರ ಯೋಗಶಾಸ್ತ್ರ ಅದನ್ನು ಬಿಡಿಸಿ ಹೇಳುತ್ತದೆ. ಶ್ವೇತಾಂಬರರ ಗ್ರಂಥ ನಮಗೇಕೆ ಎಂದು ಜಾರಿಕೊಳ್ಳುವವರು ಆಲೂಗಡ್ಡೆಯ ವಿಷಯ ಬಂದಾಗ ಇಷ್ಟು ಸೂಕ್ಷ್ಮವಾಗಿ ಪಂಥ ನೋಡುವುದಿಲ್ಲ. ಕೀಟನಾಶಕದ ಡೀಲರುಗಳಾಗಿರುವ ಶ್ರಾವಕರು ನಮ್ಮಲ್ಲಿದ್ದಾರೆ. ಪರ್ವದ ದಿನಗಳಲ್ಲಿ ಅವರ ದೇಣಿಗೆಯ ಹೆಸರನ್ನು ಧ್ವನಿವರ್ಧಕದಲ್ಲಿ ಕೇಳಿದ್ದೇನೆ. ಹಸಿ ಶುಂಠಿ ಕಂದಮೂಲವೆಂದು ಮನೆಗೆ ತರದವರು ತಮ್ಮ ಗದ್ದೆಯನ್ನು ಶುಂಠಿ ಬೆಳೆಗಾರರಿಗೆ ಗುತ್ತಿಗೆ ಕೊಡುತ್ತಾರೆ, ಮಣ್ಣಿಗೆ ಅವರೇನು ಸುರಿಯುತ್ತಾರೆಂದು ಕೇಳುವುದಿಲ್ಲ. ಬಾಯಿಯ ವ್ರತ ಉಳಿಯಿತು, ಗದ್ದೆಯ ವ್ರತ ಹೋಯಿತು.

ಇನ್ನು ಪರ್ಯಾಯದ ಮಾತು. ಇಲ್ಲಿ ನಮ್ಮಲ್ಲಿ ಎರಡು ಸುಲಭ ಭ್ರಮೆಗಳಿವೆ.

ಒಂದನೆಯದು, ನೈಸರ್ಗಿಕವಾದುದೆಲ್ಲ ಅಹಿಂಸೆ ಎಂಬುದು. ತಂಬಾಕಿನ ಕಷಾಯ ನೈಸರ್ಗಿಕವೇ. ಅದರಲ್ಲಿರುವ ನಿಕೋಟಿನ್ ಹುಳವನ್ನೂ ಕೊಲ್ಲುತ್ತದೆ, ಎಚ್ಚರ ತಪ್ಪಿದ ಮನುಷ್ಯನನ್ನೂ ಮಲಗಿಸುತ್ತದೆ. ಅಡಿಕೆಯ ಕೊಳೆರೋಗಕ್ಕೆ ಕೋಲ್ಮನ್ ಸಾಹೇಬರು ಮೈಸೂರು ಸಂಸ್ಥಾನದಲ್ಲಿ ನೂರು ವರ್ಷದ ಹಿಂದೆ ರೂಢಿಗೆ ತಂದ ಬೋರ್ಡೋ ದ್ರಾವಣವನ್ನು ನಾವು ಮದ್ದೆಂದೇ ಕರೆಯುತ್ತೇವೆ, ಸುಣ್ಣ ಮೈಲುತುತ್ತ ತಾನೇ ಎನ್ನುತ್ತೇವೆ. ಆದರೆ ಮುನಿಗಳು ಜೀವದಯೆಗಾಗಿ ನಡಿಗೆ ನಿಲ್ಲಿಸಿ ಚಾತುರ್ಮಾಸ್ಯ ಕೂರುವ ಅದೇ ಮಳೆಗಾಲದಲ್ಲಿ, ವರ್ಷವರ್ಷವೂ, ಆ ತಾಮ್ರ ನಮ್ಮ ತೋಟದ ಮಣ್ಣಿಗೆ ಇಳಿದು ಅಲ್ಲಿಯೇ ಉಳಿಯುತ್ತದೆ. ಹಿಂದಿನವರು ಗೊನೆಗೆ ಕೊಟ್ಟೆ ಕಟ್ಟಿ ಮಳೆಯ ನೀರೇ ತಾಗದಂತೆ ಮಾಡುತ್ತಿದ್ದರು. ಅದರಲ್ಲಿ ಯಾರೂ ಸಾಯುತ್ತಿರಲಿಲ್ಲ. ಮರ ಹತ್ತುವವರು ಸಿಗದ ಈ ಕಾಲದಲ್ಲಿ ಕೊಟ್ಟೆಯ ಮಾತನಾಡುವುದು ಸುಲಭ, ಕಟ್ಟಿಸುವುದು ಕಷ್ಟ, ಬಲ್ಲೆ.

ಎರಡನೆಯ ಭ್ರಮೆ, ಪರ್ಯಾಯವೇ ಇಲ್ಲ ಎಂಬುದು. ಇದು ಕಾರ್ಖಾನೆಗಳು ಕಲಿಸಿದ ಪಾಠ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆ ದಕ್ಷಿಣದ ಮೂರು ರಾಜ್ಯಗಳಿಗೆ ಹಬ್ಬಿ ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸುಗಳನ್ನು ಬಿಳಿಯಾಗಿಸಿಬಿಟ್ಟಿತು (ರೇಷ್ಮೆಯ ಹಿಂಸೆಯ ವಿಚಾರ ಇನ್ನೊಮ್ಮೆ ಬರೆಯುತ್ತೇನೆ). ರೈತರು ಸಿಕ್ಕಿದ ವಿಷವನ್ನೆಲ್ಲ ಹೊಡೆದರು. ಮೇಣದ ಹೊದಿಕೆಯ ತಿಗಣೆ ಬದುಕಿತು, ಅದನ್ನು ತಿನ್ನುವ ಜೀವಿಗಳು ಸತ್ತವು. 2010ರಲ್ಲಿ ಬೆಂಗಳೂರಿನ ಕೀಟ ಸಂಶೋಧನ ಸಂಸ್ಥೆ ಪೋರ್ಟೊರಿಕೊದಿಂದ ಒಂದು ಮಿಲಿಮೀಟರಿಗಿಂತ ಚಿಕ್ಕದಾದ ಪರಾವಲಂಬಿ ಕಣಜವನ್ನು ತರಿಸಿ, ಸಾಕಿ, ಹೊಲಗಳಿಗೆ ಬಿಟ್ಟಿತು. ಒಂದೆರಡು ವರ್ಷದೊಳಗೆ ಪಿಡುಗು ತಣ್ಣಗಾಯಿತು, ಸಿಂಪಡಣೆ ನಿಂತಿತು. 2020ರಲ್ಲಿ ಇಲ್ಲಿಯ ತ್ರಿಶ್ಶೂರಿನಲ್ಲಿ ಮರಗೆಣಸಿನ ಹಿಟ್ಟು ತಿಗಣೆ ಕಂಡಾಗ ಆಫ್ರಿಕದ ಬೆನಿನ್ ದೇಶದಿಂದ ಬೇರೊಂದು ಕಣಜ ಬಂತು. 2022ರಲ್ಲಿ ಅದನ್ನೂ ಬಿಡಲಾಯಿತು.

ಗೇರಿನ ಟೀ ಸೊಳ್ಳೆಗೆ ಪರ್ಯಾಯ ಹುಡುಕಲು ವಿದೇಶಕ್ಕೂ ಹೋಗಬೇಕಾಗಿರಲಿಲ್ಲ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪು ಚಗಳಿ ಇರುವೆ ನಮ್ಮ ಗೇರು ಮರಗಳ ಹಳೆಯ ಒಕ್ಕಲು. ಚೀನಾದ ಕಿತ್ತಳೆ ತೋಟಗಳಲ್ಲಿ ಇದೇ ಜಾತಿಯ ಇರುವೆಯನ್ನು ಕಾವಲಿಗೆ ಇಟ್ಟುಕೊಳ್ಳುತ್ತಿದ್ದ ದಾಖಲೆ ಕ್ರಿ.ಶ. 4ನೆಯ ಶತಮಾನದ್ದು. ಉತ್ತರ ಆಸ್ಟ್ರೇಲಿಯದ ಗೇರು ತೋಟಗಳಲ್ಲಿ ವಿಜ್ಞಾನಿಗಳು ಚಗಳಿಯ ವಸಾಹತುಗಳಿದ್ದ ಮರಗಳನ್ನು ವರ್ಷಗಟ್ಟಲೆ ನೋಡಿ, ಟೀ ಸೊಳ್ಳೆಯ ಹಾವಳಿಯನ್ನು ಇರುವೆಯೇ ತಡೆಯಬಲ್ಲುದೆಂದು ತೋರಿಸಿದ್ದಾರೆ. ಕಾಸರಗೋಡಿನಲ್ಲಿ ಹೆಲಿಕಾಪ್ಟರಿನ ವಿಷ ಮೊದಲು ಬಿದ್ದದ್ದು ಈ ಕಾವಲುಗಾರರ ಗೂಡಿನ ಮೇಲೆ. ಗೇರುಬೀಜ ಹೆಕ್ಕುವವರಿಗೆ ಚಗಳಿ ಕಚ್ಚುತ್ತದೆ, ನಿಜ. ಆ ಕಡಿತಕ್ಕೂ ಪಡ್ರೆಯ ಆಸ್ಪತ್ರೆಯ ಸಾಲಿಗೂ ತೂಕ ಹಾಕಿ ನೋಡಿ.

ಈಗ ನಮ್ಮ ಸಮಾಜದ ಓದುಗರು ಕೇಳಲೇಬೇಕಾದ ಪ್ರಶ್ನೆ: ಕಣಜವನ್ನು ಬಿಟ್ಟು ತಿಗಣೆಯನ್ನು ಕೊಲ್ಲಿಸುವುದು ಹಿಂಸೆಯಲ್ಲವೇ? ಆ ಕಣಜ ತಿಗಣೆಯ ಒಡಲೊಳಗೆ ಮೊಟ್ಟೆಯಿಡುತ್ತದೆ, ಮರಿ ಒಳಗಿನಿಂದ ತಿಂದು ಹೊರಬರುತ್ತದೆ. ಹಿಂಸೆಯೇ. ನಾನು ಕಾರಿತವಲ್ಲ ಎಂದು ಸುಳ್ಳು ಹೇಳಲಾರೆ. ಪರಾವಲಂಬಿಗಳನ್ನು ಸಾಕುವ ಪ್ರಯೋಗಾಲಯಗಳಲ್ಲಿ ಅವುಗಳ ಆಹಾರಕ್ಕೆಂದು ಅಕ್ಕಿ ಪತಂಗವನ್ನೂ ಸಾಕುತ್ತಾರೆ, ಅದೂ ಹಿಂಸೆ. ಆದರೆ ಗೃಹಸ್ಥನಿಗೆ ಹೇಳಿದ್ದು ಅಣುವ್ರತ. ಅದರ ಹುರುಳು ಹಿಂಸೆಯನ್ನು ಅಳೆದು, ಕಿರಿದಾಗಿಸಿ, ಕಣ್ಣು ತೆರೆದು ನಡೆಯುವುದರಲ್ಲಿದೆ. ಈ ಕಣಜ ಒಂದೇ ಜಾತಿಯನ್ನು ಹುಡುಕಿ ಹೋಗುತ್ತದೆ, ಜೇನನ್ನು ಮುಟ್ಟುವುದಿಲ್ಲ, ಬಾವಿಗೆ ಇಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಜೈವಿಕ ವಿಧಾನ ಬಳಸುವವನು ಮರದ ಬಳಿ ಹೋಗಲೇಬೇಕು, ಎಲೆ ಮಗುಚಿ ನೋಡಲೇಬೇಕು, ಯಾವ ಹುಳ, ಎಷ್ಟು, ಯಾವ ಹಂತದಲ್ಲಿದೆ ಎಂದು ಎಣಿಸಲೇಬೇಕು. ನೆಲ ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯ ಅಭ್ಯಾಸವನ್ನು ತೋಟಕ್ಕೆ ತಂದಂತೆ ಇದು.

ಮತ್ತು ಕಣಜದ ಮೆಟ್ಟಿಲಿಗೆ ಹೋಗುವ ಮೊದಲು ಕೊಲ್ಲದೆ ಕಾಯುವ ಮೆಟ್ಟಿಲುಗಳಿವೆ. ನಮ್ಮ ಸಮಾಜ ಹಣವನ್ನೂ ಬುದ್ಧಿಯನ್ನೂ ಹೂಡಬೇಕಾದದ್ದು ಅಲ್ಲಿ. ತೆಂಗಿನ ಕುರುವಾಯಿ ದುಂಬಿಗೆ ಸುಳಿಯ ಎಲೆಕಂಕುಳಲ್ಲಿ ಬೇವಿನ ಹಿಂಡಿಯನ್ನು ಮರಳಿನೊಂದಿಗೆ ಬೆರೆಸಿ ತುಂಬಿರೆಂದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾಲಯವೇ ಹೇಳುತ್ತದೆ. ದುಂಬಿ ಹತ್ತಿರ ಬರುವುದಿಲ್ಲ, ಅಷ್ಟೆ. ಹೆಣ್ಣು ಪತಂಗದ ವಾಸನೆಯನ್ನು ಹೊಲದ ತುಂಬ ಹರಡಿ ಗಂಡಿಗೆ ಜಾಡು ಸಿಗದಂತೆ ಮಾಡುವ ವಿಧಾನ ಹತ್ತಿಯ ಗುಲಾಬಿ ಕಾಯಿಕೊರಕದ ಮೇಲೆ ನಮ್ಮ ದೇಶದಲ್ಲಿಯೂ ಬಳಕೆಗೆ ಬಂದಿದೆ. ಹುಳ ಸಾಯುವುದಿಲ್ಲ, ಅದಕ್ಕೆ ಬ್ರಹ್ಮಚರ್ಯ ಒದಗುತ್ತದೆ. ಅಡಿಕೆಗೆ, ಕಾಳುಮೆಣಸಿಗೆ, ಕಾಫಿಗೆ ಇಂಥವನ್ನು ಹುಡುಕಲು ಜೈನರಿಗಿಂತ ಹೆಚ್ಚು ಕಾರಣವುಳ್ಳವರು ಯಾರು? ಅವು ಸಾಲದಾದಾಗ ಏಕೇಂದ್ರಿಯವನ್ನು ಏಕೇಂದ್ರಿಯದಿಂದ ತಡೆಯುವ ಟ್ರೈಕೋಡರ್ಮಾ ಇದೆ. ಅದೂ ಆದ ಮೇಲೆ ಗೊಬ್ಬರದ ಗುಂಡಿಯಲ್ಲಿ ಕುರುವಾಯಿಯ ಮರಿಗಳನ್ನು ನಿಯಂತ್ರಿಸುವ ಮೆಟರೈಜಿಯಂ ಎಂಬ ಹಸಿರು ಶಿಲೀಂಧ್ರ. ಬೇಯಿಸಿದ ಅಕ್ಕಿಯ ಮೇಲೆ, ತೆಂಗಿನ ನೀರಿನಲ್ಲಿ ಬೆಳೆಯುತ್ತದೆ.

ಹಾಗಾದರೆ ಇವು ಪೇಟೆಯಲ್ಲಿ ಏಕೆ ಸಿಗುವುದಿಲ್ಲ? ಅಂಗಡಿಯವನ ಕಣ್ಣಿನಿಂದ ನೋಡಿ. ವಿಷದ ಡಬ್ಬಿ ಎರಡು ವರ್ಷ ಕಪಾಟಿನಲ್ಲಿ ಕುಳಿತಿರುತ್ತದೆ. ಪರಾವಲಂಬಿಯ ಮೊಟ್ಟೆ ಅಂಟಿಸಿದ ಕಾರ್ಡನ್ನು ಕೆಲವೇ ದಿನಗಳಲ್ಲಿ ತೋಟಕ್ಕೆ ಮುಟ್ಟಿಸಬೇಕು. ಇನ್ನು ಪಪ್ಪಾಯಿಯ ಕಣಜದಂಥದು ಒಮ್ಮೆ ಬಿಟ್ಟರೆ ತಾನೇ ಹರಡಿಕೊಳ್ಳುತ್ತದೆ, ಎರಡನೆಯ ಮಾರಾಟವೇ ಇಲ್ಲ. ಇಂಥದಕ್ಕೆ ಯಾವ ಕಂಪನಿ ಬಂಡವಾಳ ಹಾಕೀತು? ಜೈವಿಕ ಎಂಬ ಚೀಟಿ ಹಚ್ಚಿ ಒಳಗೆ ರಾಸಾಯನಿಕ ಬೆರೆಸಿದ ಬಾಟಲಿಗಳೂ ತಪಾಸಣೆಯಲ್ಲಿ ಸಿಕ್ಕಿಬಿದ್ದಿವೆ. ಸರಕಾರದ ಮೇಲೆ ಭಾರ ಹಾಕೋಣವೆಂದರೆ, 1958ರಲ್ಲಿ ಪ್ಯಾರಾಥಿಯಾನ್ ಬೆರೆತ ಗೋಧಿ ಹಿಟ್ಟು ತಿಂದು ಇದೇ ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ಕೀಟನಾಶಕ ಕಾಯಿದೆ ಬರಲು 1968ರವರೆಗೆ ಕಾಯಬೇಕಾಯಿತು. 2020ರಲ್ಲಿ 27 ವಿಷಗಳನ್ನು ನಿಷೇಧಿಸುತ್ತೇವೆಂದು ಕೇಂದ್ರ ಹೊರಡಿಸಿದ ಕರಡು, ಅಂತಿಮ ಆದೇಶವಾಗುವ ಹೊತ್ತಿಗೆ ಬೆರಳೆಣಿಕೆಗೆ ಇಳಿದಿತ್ತು. ಲಾಭಕ್ಕೆ ಬೇಡದ, ಸರಕಾರಕ್ಕೆ ಅವಸರವಿಲ್ಲದ ಕೆಲಸವನ್ನು ಮಾಡಲೆಂದೇ ನಮ್ಮಲ್ಲಿ ದಾನವೆಂಬ ವ್ಯವಸ್ಥೆ ಇದ್ದದ್ದು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಅಂದು ಕಾವ್ಯವೂ ಪೇಟೆಯಲ್ಲಿ ಸಿಗುವ ಸರಕಾಗಿರಲಿಲ್ಲ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಮೂರಾದರೂ ಸೇರುವ ಜಾಗ ಒಂದು ಶಿಲೀಂಧ್ರ ಪ್ರಯೋಗಾಲಯ. ಒಂದು ಪಂಚಕಲ್ಯಾಣದ ಚಪ್ಪರ, ಊಟ, ಹೆಲಿಕಾಪ್ಟರಿನ ಪುಷ್ಪವೃಷ್ಟಿಯ ಖರ್ಚಿನಲ್ಲಿ ಇದನ್ನು ನಡೆಸಬಹುದು. ಹೆಲಿಕಾಪ್ಟರಿನಿಂದ ಏನನ್ನಾದರೂ ಸುರಿಯುವ ಆಸೆಯನ್ನು ನಾವು, ಕಾಸರಗೋಡಿನ ನೆರೆಯವರು, ಇನ್ನಾದರೂ ಬಿಡಬಹುದು.

ಬೆಂಗಳೂರು, ಮುಂಬಯಿ, ದುಬೈ, ನ್ಯೂಜೆರ್ಸಿಗಳಲ್ಲಿರುವ ಬಂಧುಗಳೇ, ಈ ಮಾತು ಮುಖ್ಯವಾಗಿ ನಿಮಗೆ, ನನ್ನನ್ನೂ ಸೇರಿಸಿಕೊಂಡು. ನಾವು ಮಕ್ಕಳಿಗೆ ದುಬಾರಿ ಬೆಲೆ ಕೊಟ್ಟು ಸಾವಯವ ತರಕಾರಿ ತರುತ್ತೇವೆ. ಊರಿನ ತೋಟವನ್ನು ಚೇಣಿಗೆ ಕೊಟ್ಟು, ಖಾತೆಗೆ ಹಣ ಬಿದ್ದ ಸಂದೇಶ ನೋಡಿ ಸುಮ್ಮನಾಗುತ್ತೇವೆ. ವಯನಾಡಿನಲ್ಲಿ ಪುಳಿಯಾರ್‌ಮಲೆಯ ಅನಂತನಾಥ ಬಸದಿಯ ಸುತ್ತಲಿನ ಕಾಫಿ ತೋಟಗಳ ಗೌಡರ ಮಕ್ಕಳಿಗೂ, ತುಳುನಾಡಿನ ಬೀಡುಗಳ ವಾರಸುದಾರರಿಗೂ ಈ ಅಭ್ಯಾಸ ಒಂದೇ. ಚೇಣಿಯವನಿಗೆ ಒಂದೇ ವರ್ಷದ ಫಸಲು ಮುಖ್ಯ. ಅವನು ಮರದ ಬಳಿ ಹೋಗಿ ಹುಳ ಎಣಿಸುವುದಿಲ್ಲ, ಕ್ಯಾಲೆಂಡರು ನೋಡುತ್ತಾನೆ. ಅವನ ಕೈಗೆ ಪಂಪು ಕೊಟ್ಟದ್ದು ನಮ್ಮ ಸಹಿ. ಕರಾರಿನಲ್ಲಿ ಕೆಂಪು ಗುರುತಿನ ವಿಷ ಕೂಡದು, ತೋಡಿನಲ್ಲಿ ಪಂಪು ತೊಳೆಯಕೂಡದು, ಮದ್ದು ಬಿಡುವ ಮೊದಲು ಹುಳವನ್ನು ತೋರಿಸಬೇಕು ಎಂಬ ಮೂರು ಸಾಲು ಸೇರಿಸಲು ಯಾವ ಪ್ರಯೋಗಾಲಯವೂ ಬೇಕಿಲ್ಲ.

ಮಾವ ತೀರಿಕೊಂಡು ಆರು ವರ್ಷವಾಯಿತು. ಈ ಬೇಸಗೆಯಲ್ಲಿ ನಾವು ಸೋದರ ಸೋದರಿಯರು ಆ ಮೂರು ಸಾಲನ್ನು ಬರೆದು ಚೇಣಿಯವನ ಮುಂದಿಟ್ಟೆವು. ಅವನು ಓದಿ, ಫಸಲು ಹೋದರೆ ನಷ್ಟ ಯಾರದು ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಅರ್ಧ ನಮ್ಮದು ಎಂದು ಮೂವರು ಒಪ್ಪಿದ್ದೇವೆ. ನಾಲ್ಕನೆಯವರ ಸಹಿ ಇನ್ನೂ ಬಂದಿಲ್ಲ.